ಕರೆಂಟ್ ಹೋದ ಹೊತ್ತಿನ ಪ್ರಪಂಚ

ರಾಯದುರ್ಗಕ್ಕೆ ಇಪ್ಪತ್ನಾಲ್ಕು ಗಂಟೆ ಕರೆಂಟ್ ಬಂದಾಗ ಊರಿಗೆ ಊರೇ ಖುಷಿಪಟ್ಟಿತು, ಒಬ್ಬ ಮನುಷ್ಯನನ್ನು ಬಿಟ್ಟು. ಆ ಒಬ್ಬರು ನಮ್ಮ ಹೈಸ್ಕೂಲಿನ ಕನ್ನಡ ಮೀಡಿಯಂ ಸೋಷಿಯಲ್ ಮೇಷ್ಟ್ರು ದೊಡ್ಡರಂಗಪ್ಪ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಆವತ್ತು ಸ್ಟಾಫ್ ರೂಮಿನಲ್ಲಿ ಮೊದಲು ನಕ್ಕವನು ನಾನೇ. ನಾನು ಲಕ್ಷ್ಮಣಪ್ಪ, ಅದೇ ಶಾಲೆಯ ಡ್ರಿಲ್ ಮೇಷ್ಟ್ರು. ಬೆಳಗಿನ ಪ್ರಾರ್ಥನೆಗೆ ಸೀಟಿ ಊದಿ, ಹುಡುಗರಿಗೆ ಕಬಡ್ಡಿ ಕಲಿಸಿ ಮೂವತ್ತು ವರ್ಷ ಕಳೆದವನು. ದೊಡ್ಡರಂಗಪ್ಪನವರಿಗೆ ಕಳೆದ ವರ್ಷ ಶಾಲು ಹೊದಿಸಿ ಕಳಿಸಿಕೊಟ್ಟಾಗ ಭಾಷಣ ಮಾಡಿದವರೆಲ್ಲ ಶಿಸ್ತು, ಸರಳತೆ ಎಂದು ಏನೇನೋ ಹೇಳಿದರು. ಕರೆಂಟಿನ ಮಾತು ಒಬ್ಬರೂ ಎತ್ತಲಿಲ್ಲ. ಎತ್ತಬೇಕಾದವನು ನಾನು. ನಾನೂ ಬಾಯಿ ಮುಚ್ಚಿಕೊಂಡು ಮೈಸೂರುಪಾಕ್ ತಿಂದೆ.

ಅವರ ಊರು ಮಡಕಶಿರಾ ಕಡೆ, ಹೇಮಾವತಿ ಎಂಬ ಊರಿನ ಹತ್ತಿರದ ಒಂದು ಹಳ್ಳಿ. ನಮ್ಮದು ತೆಲುಗು ರಾಜ್ಯದ ಗಡಿ ಜಿಲ್ಲೆ, ಇಲ್ಲಿ ಕನ್ನಡ ಮೀಡಿಯಂ ಪೋಸ್ಟುಗಳು ಬೆರಳೆಣಿಕೆ. ಪೋಸ್ಟ್ ಎಲ್ಲಿದೆಯೋ ಅಲ್ಲಿಗೆ ಮೇಷ್ಟ್ರು ಹೋಗಬೇಕು, ಮೇಷ್ಟ್ರು ಇರುವಲ್ಲಿಗೆ ಪೋಸ್ಟ್ ಬರುವುದಿಲ್ಲ. ಹಾಗಾಗಿ ಪಾವಗಡದಲ್ಲೊಂದು ಬಸ್ಸು, ಕಲ್ಯಾಣದುರ್ಗದಲ್ಲೊಂದು ಬಸ್ಸು ಬದಲಾಯಿಸಿ ನಮ್ಮೂರಿಗೆ ಬಂದು ಬಿದ್ದರು. ಹೆಂಡತಿ ನರಸಮ್ಮ ಊರಲ್ಲೇ ಉಳಿದರು. ಅರ್ಧ ಎಕರೆ ಹಿಪ್ಪುನೇರಳೆ, ಮನೆ ತುಂಬ ರೇಷ್ಮೆ ಹುಳು. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹುಳು ಮೇಯಿಸುವವರು ಊರು ಬಿಡುವ ಹಾಗಿಲ್ಲ. ಮಕ್ಕಳಿರಲಿಲ್ಲ. ಮೇಷ್ಟ್ರು ಮೊದಮೊದಲು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದರು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಗಂಡ ಹೆಂಡಿರ ನಡುವೆ ಜಗಳವೇನೂ ಇರಲಿಲ್ಲ. ಫೋನಿನಲ್ಲಿ ಅವರ ಮಾತು ಕೇಳಿದ್ದೇನೆ. ಸೊಪ್ಪು ಸಾಕಾಯ್ತಾ, ಮಳೆ ಹುಯ್ತಾ, ಸರಿ, ಇಡ್ತೀನಿ. ಅಷ್ಟರಲ್ಲಿ ಮುಗಿಯುತ್ತಿತ್ತು.

ಮನುಷ್ಯ ಮೌನಿಯಾಗಿದ್ದರೆ ಅದು ಬೇರೆ. ಇವರಿಗೆ ಮಾತೆಂದರೆ ಪ್ರಾಣ, ಅದೂ ಪ್ರಪಂಚದ ಮಾತು. ಬಳ್ಳಾರಿಯಿಂದ ಬಸ್ಸಿನಲ್ಲಿ ಬರುವ ಕನ್ನಡ ಪೇಪರು, ಅನಂತಪುರದಿಂದ ಬರುವ ತೆಲುಗು ಪೇಪರು, ಎರಡನ್ನೂ ಕೆಂಪು ಪೆನ್ನು ಹಿಡಿದು ಓದುತ್ತಿದ್ದರು. ಯಾವ ದೇಶದಲ್ಲಿ ನೀರಿಗೆ ಜಗಳ, ಯಾವ ದ್ವೀಪ ಮುಳುಗುತ್ತಿದೆ, ಎಲ್ಲಿಂದ ಜನ ದೋಣಿ ಹತ್ತಿ ಓಡಿ ಬರುತ್ತಿದ್ದಾರೆ, ಇದೇ ಅವರ ಚಿಂತೆ. ಸ್ಟಾಫ್ ರೂಮಿನಲ್ಲಿ ಕೂತ ನಾವೆಲ್ಲ ಡಿಎ ಯಾವಾಗ ಬರುತ್ತದೆ, ಸೈಟು ಎಲ್ಲಿ ಅಗ್ಗ ಎಂದು ತೆಲುಗಿನಲ್ಲಿ ಮಾತಾಡುತ್ತಿದ್ದರೆ ಇವರು ನಡುವೆ ಬಾಯಿ ಹಾಕಿ, “ಅಲ್ಲ ಕಣ್ರಪ್ಪಾ, ಈ ಸಮುದ್ರ ಏರ್ತಾ ಐತಂತಲ್ಲ, ಓದಿದ್ರಾ?” ಎನ್ನುತ್ತಿದ್ದರು. ಎಲ್ಲರೂ ಫೋನ್ ನೋಡುತ್ತಿದ್ದರು. ನಮ್ಮಲ್ಲಿ ಸಮುದ್ರ ಕಂಡವರೇ ಇಬ್ಬರು, ಅವರೂ ತಿರುಪತಿಗೆ ಹೋದಾಗ ಹಾಗೇ ಚೆನ್ನೈಗೆ ಹೋಗಿ ಬಂದವರು. ಊರಲ್ಲಿ ಅವರಿಗೆ ಪ್ರಪಂಚದ ಮೇಷ್ಟ್ರು ಎಂದು ಹೆಸರು ಬಿತ್ತು. ಅವರ ಪಕ್ಕದ ಕುರ್ಚಿ ನನ್ನದು. ನಾನು ಹೂಂ ಹೂಂ ಎನ್ನುತ್ತಿದ್ದೆ, ಮನಸ್ಸು ಮೈದಾನದಲ್ಲಿರುತ್ತಿತ್ತು. ಅವರಿಗೂ ಅದು ಗೊತ್ತಿತ್ತು.

ಅವರ ಮಾತನ್ನು ನಿಜವಾಗಿ ಕೇಳುತ್ತಿದ್ದವರು ಹತ್ತೊಂಬತ್ತು ಜನ. ಕನ್ನಡ ಮೀಡಿಯಂನ ಒಂದೇ ತರಗತಿಯ ಮಕ್ಕಳು. ಹೆಚ್ಚುಕಡಿಮೆ ಎಲ್ಲರೂ ಕೋಟೆ ಗುಡ್ಡದ ಕೆಳಗಿನ ಓಣಿಯವರು, ಜೀನ್ಸ್ ಹೊಲಿಯುವ ಮನೆಗಳವರು. ಬಳ್ಳಾರಿ ಕಡೆಯ ಸಾವುಕಾರರು ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಓಣಿಗೆ ಕಳಿಸುತ್ತಾರೆ. ಮನೆಮನೆಯಲ್ಲಿ ಮೋಟರು ಕಟ್ಟಿದ ಮಷೀನುಗಳು. ತಾಯಿ ಹೊಲಿದು ಹಾಕಿದ್ದನ್ನು ಮಕ್ಕಳು ತೆಗೆದುಕೊಂಡು ದಾರ ಕತ್ತರಿಸಬೇಕು, ಜೇಬು ಹೊರಳಿಸಬೇಕು, ಲೇಬಲ್ ಜೋಡಿಸಿಡಬೇಕು. ಮಷೀನ್ ಓಡುವಷ್ಟು ಹೊತ್ತು ಮಕ್ಕಳ ಕೈಗೆ ಬಿಡುವಿಲ್ಲ. ಬೆಳಿಗ್ಗೆ ಶಾಲೆಗೆ ಬಂದು ಹಾಜರಿ ಹೇಳಿ, ಹಿಂದಿನ ಗೋಡೆ ಹಾರಿ ಓಣಿ ಸೇರುತ್ತಿದ್ದರು. ಹಿಡಿಯಬೇಕಾದವನು ನಾನು. ಎಷ್ಟು ಅಂತ ಹಿಡಿಯಲಿ, ನಾನೂ ಆ ಓಣಿಯಲ್ಲೇ ಆಡಿ ಬೆಳೆದವನು.

ಆದರೆ ಅವು ಕರೆಂಟ್ ಕೊರತೆಯ ವರ್ಷಗಳು. ಒಂದು ವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಇಲ್ಲ, ಇನ್ನೊಂದು ವಾರ ಒಂದರಿಂದ ಐದರವರೆಗೆ ಇಲ್ಲ. ಮಷೀನ್ ನಿಂತರೆ ಅರ್ಧ ಗಂಟೆಯಲ್ಲಿ ಮಕ್ಕಳ ಕೈ ಖಾಲಿ. ಫ್ಯಾನೂ ಇಲ್ಲದ ತಗಡಿನ ಮನೆಯಲ್ಲಿ ಕೂತು ಬೇಯುವ ಬದಲು, ಹೋಗ್ರಿ ಸಾಲಿಗೆ ಎಂದು ತಾಯಂದಿರು ಅಟ್ಟುತ್ತಿದ್ದರು. ಇದನ್ನು ಮೊದಲು ಕಂಡುಹಿಡಿದವರು ದೊಡ್ಡರಂಗಪ್ಪ. ಪ್ರತಿ ಶನಿವಾರ ಸಬ್‌ಸ್ಟೇಷನ್‌ಗೆ ಹೋಗಿ ಮುಂದಿನ ವಾರ ಕರೆಂಟ್ ಯಾವಾಗ ಹೋಗುತ್ತದೆ ಎಂದು ಬರೆದುಕೊಂಡು ಬರುತ್ತಿದ್ದರು. ಹೆಡ್‌ಮೇಷ್ಟ್ರ ಕೈಕಾಲು ಹಿಡಿದು ತಮ್ಮ ಪೀರಿಯಡ್ಡುಗಳನ್ನೆಲ್ಲ ಆ ಹೊತ್ತಿಗೆ ಹಾಕಿಸಿಕೊಂಡರು. ಫ್ಯಾನ್ ನಿಂತಾಗ ನಾವೆಲ್ಲ ಸರ್ಕಾರಕ್ಕೆ ಬಯ್ಯುತ್ತಿದ್ದೆವು, ಇವರು ಎದ್ದು ಚಾಕ್‌ಪೀಸ್ ಹುಡುಕುತ್ತಿದ್ದರು.

ಆ ಪಾಠ ಒಂದು ಸಲ ಕೇಳಬೇಕಿತ್ತು. ನಾನು ವರಾಂಡದಲ್ಲಿ ನಿಂತು ಕೇಳಿದ್ದೇನೆ, ಅದೂ ಬಿಸಿಲಿಗೆ ಹೆದರಿ. ಸೋಷಿಯಲ್ ಪುಸ್ತಕದ ಕನ್ನಡ ಪ್ರತಿ ನಮಗೆ ಅರ್ಧ ವರ್ಷ ಕಳೆದ ಮೇಲೆ ಬರುತ್ತದೆ, ಬಂದರೆ. ಅವರು ತೆಲುಗು ಪುಸ್ತಕ ಎಡಗೈಯಲ್ಲಿ ಹಿಡಿದು ಬಾಯಲ್ಲಿ ಕನ್ನಡ ಹೇಳಿಕೊಂಡು ಹೋಗುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ದೊಡ್ಡದೊಂದು ಜೀನ್ಸ್ ಪ್ಯಾಂಟ್ ಬರೆದು, “ಇದು ಯಾವ ದೇಶದ್ದು ಹೇಳ್ರಪ್ಪ ನೋಡೋಣ” ಎಂದರು.

“ನಮ್ಮ ಓಣೀದ್ರಿ” ಎಂದ ಒಬ್ಬ. ಎಲ್ಲರೂ ನಕ್ಕರು.

ಶಿವಲೀಲಾ ಎಂಬ ಹುಡುಗಿ ಎದ್ದು ನಿಂತಳು. ಓಣಿಯ ಗುರುಶಾಂತಮ್ಮನ ಮಗಳು, ಆಗ ಎಂಟನೆ ತರಗತಿ. “ಅಲ್ರಿ ಸರ್, ಲೇಬಲ್‌ನಾಗ ಫಾರಿನ್ ಊರ ಹೆಸರಿರತೈತ್ರಿ. ಆ ಲೇಬಲ್ ನಾನ ಜೋಡಿಸ್ತೀನಿ. ಆ ಊರು ಎಲ್ಲೈತ್ರಿ?”

ಮೇಷ್ಟ್ರಿಗೆ ಅಷ್ಟು ಸಾಕಿತ್ತು. ಹತ್ತಿ ಯಾವ ದೇಶದಲ್ಲಿ ಬೆಳೆಯುತ್ತದೆ, ನೀಲಿ ಬಣ್ಣ ಎಲ್ಲಿಂದ ಬರುತ್ತದೆ, ಬಣ್ಣದ ನೀರು ಕುಡಿದ ಹೊಳೆಗಳ ಗತಿ ಏನು, ಅಗ್ಗದ ಕೈ ಸಿಗುವಲ್ಲಿಗೆ ಕಂಪನಿಗಳು ಹೇಗೆ ದೇಶದಿಂದ ದೇಶಕ್ಕೆ ಹಾರುತ್ತವೆ ಎಂದು ಎರಡು ಗಂಟೆ ಹೇಳಿದರು. ಒಂದು ಮಗುವೂ ಆಕಳಿಸಲಿಲ್ಲ. ಇನ್ನೊಂದು ದಿನ ದೋಣಿಯಲ್ಲಿ ಓಡಿ ಬರುವ ಜನರ ವಿಷಯ ಬಂದಾಗ ಶಿವಲೀಲಾ ಕೇಳಿದಳು, “ಸಮುದ್ರ ಅಂದ್ರ ತುಂಗಭದ್ರಾ ಡ್ಯಾಮಿಗಿಂತ ದೊಡ್ಡದೇನ್ರಿ?” ಮೇಷ್ಟ್ರು ನಗಲಿಲ್ಲ. ಡ್ಯಾಮಿನ ಈ ದಡದಿಂದ ಆ ದಡ ಎಷ್ಟು, ಸಮುದ್ರ ದಾಟಲು ಎಷ್ಟು ದಿನ, ದೋಣಿಯಲ್ಲಿ ಕುಡಿಯುವ ನೀರು ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿಸಿದರು. ಆ ಸಂಜೆ ಅವರ ಮುಖ ನೋಡಿದರೆ ಯಾರಿಗಾದರೂ ಸಂತೋಷವಾಗುತ್ತಿತ್ತು. ದಿನಕ್ಕೆ ಒಂದೆರಡು ಗಂಟೆಯಾದರೂ ಆ ಮನುಷ್ಯ ಒಂಟಿಯಾಗಿರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ರಾಜ್ಯ ಎರಡಾಯಿತು, ಇಪ್ಪತ್ನಾಲ್ಕು ಗಂಟೆ ಕರೆಂಟ್ ಬಂತು. ಓಣಿಯ ಮಷೀನುಗಳು ನಿಲ್ಲದೆ ಓಡತೊಡಗಿದವು. ಆಗ ನಮ್ಮ ಹತ್ತೊಂಬತ್ತು ಮಕ್ಕಳು ಹತ್ತನೇ ತರಗತಿ. ಹಾಜರಿ ಹೇಳಿದ ಮೇಲೆ ಹತ್ತು ಜನ ಉಳಿದರು, ದೀಪಾವಳಿ ಕಳೆಯುವ ಹೊತ್ತಿಗೆ ನಾಲ್ಕು. ಡಿಸೆಂಬರಿನ ಒಂದು ಮಧ್ಯಾಹ್ನ ನಾನು ಚೆಂಡು ಇಡಲು ಹೋದಾಗ ನೋಡುತ್ತೇನೆ, ಕ್ಲಾಸಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಪೂರ್ತಿ ಭೂಪಟ ಬರೆದು, ಖಾಲಿ ಬೆಂಚುಗಳ ಕಡೆ ಮುಖ ಮಾಡಿ ಕೂತಿದ್ದರು. ನನ್ನನ್ನು ನೋಡಿ ಎದ್ದು ಭೂಪಟ ಒರೆಸಿದರು. ನಾನು ಚೆಂಡು ಹಿಡಿದುಕೊಂಡು ಮುಂದೆ ಹೋದೆ.

ಸಂಕ್ರಾಂತಿ ಮುಗಿಸಿಕೊಂಡು ಊರಿಂದ ಬಂದವರೇ ನನ್ನ ಹತ್ತಿರ ಬಂದರು.

“ಲಕ್ಷ್ಮಣಪ್ಪ, ಆ ಲೈನ್‌ಮನ್ ಕದರಪ್ಪ ನಿನ್ನ ಶಿಷ್ಯ ಅಲ್ವೇನಪ್ಪ?”

“ಹೌದ್ರಿ. ಕಬಡ್ಡ್ಯಾಗ ಜಿಲ್ಲಾ ಮಟ್ಟಕ್ಕ ಆಡಿದ್ದ. ಯಾಕ್ರಿ?”

“ಆ ಓಣಿ ಟ್ರಾನ್ಸ್‌ಫಾರ್ಮರ್‌ದು ಫ್ಯೂಸು ಒಸಿ ತೆಗೀಬೇಕಿತ್ತು. ದಿನಾ ಮೂರರಿಂದ ನಾಲ್ಕು. ಒಂದೇ ಒಂದು ಗಂಟೆ.”

ನಾನು ಅವರ ಮುಖವನ್ನೇ ನೋಡಿದೆ. “ತಲಿ ಕೆಟ್ಟೈತೇನ್ರಿ ಸರ್ ನಿಮಗ?”

“ಮಾರ್ಚಲ್ಲಿ ಪರೀಕ್ಷೆ ಐತೆ ಕಣಪ್ಪ. ಪಾಠ ಅರ್ಧಕ್ಕೆ ನಿಂತೈತೆ. ಮಕ್ಕಳಿಗೋಸ್ಕರ ಕೇಳ್ತಾ ಇದ್ದೀನಿ. ನಂಗೇನು ಬತ್ತದೆ ಇದ್ರಲ್ಲಿ?”

ಮಕ್ಕಳಿಗೋಸ್ಕರ ಎಂದರೆ ಮೇಷ್ಟ್ರಾದವನು ಏನು ಹೇಳಲಿಕ್ಕಾಗುತ್ತದೆ. ಕದರಪ್ಪನನ್ನು ಕರೆಸಿದೆ. ಅವನು ಮೊದಲು ಕೈ ಮುಗಿದ. “ಗೊತ್ತಾದ್ರ ನನ್ನ ನೌಕರಿ ಹೋಗತೈತ್ರಿ ಸರ್” ಎಂದ. ನಾನು ಗದರಿಸಿದೆ, ಹಳೇ ಸಲಿಗೆ. ಕಡೆಗೆ, ರಿಪೇರಿ ಅಂತ ಹೇಳ್ತೀನ್ರಿ, ಯಾರಾದ್ರೂ ಕೇಳಿದ್ರ ನೀವೂ ಹಂಗ ಹೇಳ್ರಿ ಎಂದು ಒಪ್ಪಿಕೊಂಡ. ಹೀಗೆ ಮೂರು ಜನ ಸರ್ಕಾರಿ ನೌಕರರು ಸೇರಿ ಒಂದು ಓಣಿಯ ಕರೆಂಟ್ ತೆಗೆದೆವು. ಓಣಿಯವರನ್ನು ಒಂದು ಮಾತು ಕೇಳಬೇಕು ಎಂದು ಮೂವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮೊದಲ ದಿನ ಮೂರು ಗಂಟೆಗೆ ಕರೆಂಟ್ ಹೋಯಿತು. ಮೂರೂವರೆಗೆ ಹನ್ನೆರಡು ಮಕ್ಕಳು ಬಂದರು. ಮೇಷ್ಟ್ರ ಧ್ವನಿ ಮೈದಾನದ ಆಚೆ ತುದಿಗೆ ಕೇಳಿಸುತ್ತಿತ್ತು. ಮರುದಿನ ಹದಿನಾಲ್ಕು. ಎರಡನೇ ವಾರ ಒಂದು ಆಶ್ಚರ್ಯ ನಡೆಯಿತು. ಹತ್ತೊಂಬತ್ತೂ ಮಕ್ಕಳು ಬಂದವು, ಅದೂ ಎರಡು ಗಂಟೆಗೇ ಬಂದು ಕೂತವು, ಗಂಟೆ ಹೊಡೆದರೂ ಏಳಲಿಲ್ಲ. ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಇಡೀ ಕೊಡ ನೀರು ಕುಡಿಯುವವರ ಹಾಗೆ ನೀರು ಕುಡಿದು, “ನೋಡಿದ್ಯೇನಪ್ಪ, ಒಂದು ಸಲ ರುಚಿ ಹತ್ತಬೇಕು ಅಷ್ಟೇ. ಇನ್ನು ಕರೆಂಟ್ ಇದ್ರೂ ಬತ್ತಾರೆ” ಎಂದರು. ನಾನೂ ನಂಬಿದೆ. ನಡುವೆ ಎರಡು ದಿನ ನರಸಮ್ಮನವರಿಗೆ ಜ್ವರವೆಂದು ಊರಿಗೆ ಹೋಗಿ ಬಂದರು. ಅವರಿಲ್ಲದ ಎರಡು ದಿನ ಕದರಪ್ಪನೂ ಫ್ಯೂಸು ಮುಟ್ಟಲಿಲ್ಲ. ಪಾಠವೇ ಇಲ್ಲದ ಮೇಲೆ ಯಾಕೆ ಎಂದು ನಾನೇ ಬೇಡ ಅಂದಿದ್ದೆ. ಅಲ್ಲಿಗೆ ಸಿಕ್ಕಿಬಿದ್ದೆವು.

ಊರಿಂದ ಬಂದ ದಿನ ಮೇಷ್ಟ್ರು ಬಹಳ ಹುರುಪಿನಲ್ಲಿದ್ದರು. ನಾನು ವರಾಂಡದಲ್ಲಿ ವಾಲಿಬಾಲಿಗೆ ಗಾಳಿ ತುಂಬುತ್ತಿದ್ದೆ. ಒಳಗೆ ತುಂಬಿದ ಕ್ಲಾಸು. ಹೊಗಳಿಕೆ ಕೇಳುವ ಆಸೆ ಇರಬೇಕು, “ಅಲ್ರಪ್ಪ, ಮೊದಲು ಕರೆದರೂ ಬರ್ತಿರಲಿಲ್ಲ, ಈಗ ಎಲ್ಲರೂ ಬಂದು ಕೂತಿದ್ದೀರಲ್ಲ, ಏನು ಕಾರಣ?” ಎಂದು ಕೇಳಿದರು.

ಶಿವಲೀಲಾ ಎದ್ದಳು.

“ಬಟ್ಟಿ ಬಂದಿಲ್ರಿ ಸರ್.”

“ಯಾವ ಬಟ್ಟೆ?”

“ಹೊಲಿಯಾಕ. ನಮ್ಮ ಓಣ್ಯಾಗ ದಿನಾ ಕರೆಂಟ್ ಹೋಗತೈತಿ, ಹೇಳಿದ ಹೊತ್ತಿಗೆ ಮಾಲು ಸಿಗಂಗಿಲ್ಲ ಅಂತ ಸಾವುಕಾರ್ರು ಕಟ್ಟೆಲ್ಲಾ ಆ ಕಡಿ ಓಣಿಗೆ ಕೊಟ್ಟಾರ್ರಿ. ಒಂದು ವಾರ ಆತು. ಮನ್ಯಾಗ ಕೆಲಸ ಇಲ್ಲ. ಅದಕ್ಕ ಬಂದೀವ್ರಿ.”

ನನ್ನ ಕೈಯ ಪಂಪು ನಿಂತಿತು. ಒಳಗೆ ಮೇಷ್ಟ್ರು ಏನೋ ಹೇಳಲು ಹೋದರು. ಅವಳು ನೋಟ್ ಬುಕ್ ತೆರೆದಳು. ಧ್ವನಿ ಏರಿಸಲಿಲ್ಲ, ಪಾಠ ಒಪ್ಪಿಸುವಂತೆಯೇ ಹೇಳಿದಳು.

“ನಾನು ಬರೆದಿಟ್ಟೀನ್ರಿ. ಕರೆಂಟ್ ಬರೇ ನಮ್ಮ ಓಣ್ಯಾಗ ಹೋಗತೈತಿ, ಬ್ಯಾರೆ ಕಡಿ ಹೋಗಂಗಿಲ್ಲ. ಮೂರಕ್ಕ ಹೋಗಿ ನಾಕಕ್ಕ ಬರತೈತಿ. ಭಾನುವಾರ ಹೋಗಂಗಿಲ್ಲ. ನೀವು ಊರಿಗೆ ಹೋದ ಎರಡು ದಿನ ಹೋಗಲಿಲ್ಲ. ಹಿಂಗ ಪಟ್ಟಿ ಮಾಡಿ ಕಾರಣ ಹುಡುಕಬೇಕು ಅಂತ ನೀವ ಕಲಿಸೀರಿ. ಕರೆಂಟ್ ತೆಗಿಸಿದ್ದು ನೀವೇನ್ರಿ?”

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ರಿಪೇರಿ ಎಂಬ ಮಾತು ಸಿದ್ಧವಾಗಿತ್ತು. ಅವರು “ಹೌದಮ್ಮ” ಎಂದರು.

ಶಿವಲೀಲಾ ಪುಟ ತಿರುವಿದಳು. “ನೀವು ಇಲ್ಲಿ ಒಂದು ಮಾತು ಬರೆಸೀರಿ. ಎಲ್ಲೋ ಕೂತವರು ತೀರ್ಮಾನ ಮಾಡ್ತಾರೆ, ಅನುಭವಿಸುವವರನ್ನು ಯಾರೂ ಕೇಳುವುದಿಲ್ಲ, ಪ್ರಪಂಚದ ಎಲ್ಲ ಸಮಸ್ಯೆಯ ಬುಡ ಇದು ಅಂತ. ಪುಸ್ತಕದಾಗ ಇಲ್ಲ, ನಂದು, ಬರ್ಕೊಳ್ರಿ ಅಂದ್ರಿ. ನಾನು ಇದನ್ನ ಎರಡು ಸಲ ಬರೆದು ಬಾಯಿಪಾಠ ಮಾಡೀನಿ. ನೀವು ನಮ್ಮವ್ವನ್ನ ಒಂದು ಮಾತು ಕೇಳಬೇಕಿತ್ರಿ ಸರ್.”

ಅಷ್ಟು ಹೇಳಿ ಕೂತಳು. ಅಳಲಿಲ್ಲ. ಮೇಷ್ಟ್ರು ಚಾಕ್‌ಪೀಸ್ ಮೇಜಿನ ಮೇಲಿಟ್ಟರು. “ಇವತ್ತಿಗೆ ಹೋಗ್ರಪ್ಪ” ಎಂದರು. ಮಕ್ಕಳು ಒಬ್ಬೊಬ್ಬರಾಗಿ ನನ್ನ ಮುಂದೆಯೇ ಹೊರಗೆ ಹೋದರು. ನಾನು ಚೆಂಡಿನ ಕಡೆ ನೋಡುತ್ತ ಕೂತೆ, ತಲೆ ಎತ್ತಲಿಲ್ಲ.

ಸಂಜೆ ಅವರು ಓಣಿಗೆ ಹೊರಟರು. ಬ್ಯಾಡ್ರಿ ಸರ್, ನಾಕು ದಿನ ಹೋಗ್ಲಿ, ತಾನ ತಣ್ಣಗಾಗತೈತಿ ಎಂದು ಹೇಳಿ ನೋಡಿದೆ. ಕೇಳಲಿಲ್ಲ. ಅವರೊಬ್ಬರನ್ನೇ ಬಿಡಲಾರದೆ ನಾನೂ ಹಿಂದೆ ಹೋದೆ. ಗುರುಶಾಂತಮ್ಮ ಮಷೀನಿನ ಮೇಲೆ ಹಳೇ ಸೀರೆ ಮುಚ್ಚಿ ಹೊಸ್ತಿಲಲ್ಲಿ ಕೂತಿದ್ದಳು. ಗಂಡ ಇಲ್ಲದ ಹೆಂಗಸು, ಆ ಮಷೀನೇ ಅವಳ ಮನೆ ನಡೆಸುವ ಗಂಡಸು. ಮೇಷ್ಟ್ರನ್ನು ನೋಡಿ ಎದ್ದು ಚಾಪೆ ಹಾಸಿದಳು. ಅವರು ಕೂರಲಿಲ್ಲ. ಅಕ್ಕಪಕ್ಕದವರು ಕೇಳುವ ಹಾಗೆಯೇ ಹೇಳಿದರು.

“ಕರೆಂಟ್ ತೆಗೆಸಿದ್ದು ನಾನು ಕಣಮ್ಮ. ಮಕ್ಕಳು ಕ್ಲಾಸಿಗೆ ಬರಲಿ ಅಂತ. ತಪ್ಪಾಯ್ತು.”

ಕದರಪ್ಪನ ಹೆಸರು ಹೇಳಲಿಲ್ಲ, ನನ್ನದನ್ನೂ ಹೇಳಲಿಲ್ಲ. ಹೇಳು ಎಂದು ನನ್ನ ಮನಸ್ಸು ನೂಕುತ್ತಿತ್ತು, ಬಾಯಿ ಬರಲಿಲ್ಲ. ಓಣಿಯವರು ಬಂದು ಸುತ್ತ ನಿಂತರು. ಹೊಡೆತ ಬೀಳುತ್ತದೆ ಎಂದುಕೊಂಡೆ, ಬಿದ್ದರೆ ನ್ಯಾಯವಾಗಿಯೇ ಇತ್ತು. ಗುರುಶಾಂತಮ್ಮ ಹಾಸಿದ ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು.

“ಕಂಡೋರ ಮಕ್ಕಳನ್ನ ಬಾವ್ಯಾಗ ತಳ್ಳಿ ಆಳ ನೋಡಿದಂಗ ಆತಲ್ರಿ ಸರ್” ಎಂದಳು. “ನನ್ನ ಮಗಳು ಮನೀಗೆ ಬಂದ್ರ ನಿಮ್ಮದ ಮಾತು. ಆ ದೇಶ ಹಂಗಂತ, ಈ ದೇಶ ಹಿಂಗಂತ. ನಾನು ಹೊಲಿಕೋಂತ ಕೇಳ್ತಿದ್ದೆ, ನನಗೂ ಚಂದ ಅನಸ್ತಿತ್ತು. ಒಂದು ಗಂಟಿ ಬೇಕು ಅಂದಿದ್ರ ನಾನ ಮಷೀನ್ ನಿಲ್ಲಿಸಿ ಕಳಿಸ್ತಿದ್ನೇನೋ. ಈಗ ಏನು ಮಾಡಾಮು, ಕಟ್ಟು ಹೋದುವಲ್ಲ.”

ಯಾರೂ ಕೈ ಎತ್ತಲಿಲ್ಲ. ಒಬ್ಬ ಮುದುಕ ಮಾತ್ರ, ನಡೀರಿ ಸರ್, ಹೊತ್ತಾತು ಎಂದ. ಅದು ಹೊಡೆತಕ್ಕಿಂತ ಹೆಚ್ಚಾಯಿತು.

ಫ್ಯೂಸು ಕೀಳುವುದು ಅವತ್ತಿಗೆ ನಿಂತಿತು. ಕಟ್ಟುಗಳು ಮಾತ್ರ ಅಷ್ಟು ಬೇಗ ವಾಪಸ್ ಬರಲಿಲ್ಲ. ಒಂದು ಸಲ ಕೈ ತಪ್ಪಿದ ಕೆಲಸ ಇನ್ನೊಂದು ಓಣಿಯಲ್ಲಿ ಬೇರು ಬಿಟ್ಟಿತ್ತು. ಫೆಬ್ರವರಿಯಲ್ಲಿ ಎರಡು ಮನೆಯವರು ಬಳ್ಳಾರಿಗೆ ಹೋದರು, ಅಲ್ಲಿನ ದೊಡ್ಡ ಯೂನಿಟ್ಟುಗಳಲ್ಲಿ ಹೊಲಿಯಲಿಕ್ಕೆ. ಒಂದು ಮನೆ ಗುರುಶಾಂತಮ್ಮನದು. ಮಷೀನನ್ನು ಗೋಣಿಯಲ್ಲಿ ಸುತ್ತಿ ಟೆಂಪೋಗೆ ಹಾಕಿದರು, ಶಿವಲೀಲಾ ಅದರ ಪಕ್ಕದಲ್ಲಿ ಕೂತಳು. ಮಾರ್ಚಿನಲ್ಲಿ ಆ ಹುಡುಗಿ ದಿನಾ ಬಳ್ಳಾರಿಯಿಂದ ರೈಲಿನಲ್ಲಿ ಬಂದು ಪರೀಕ್ಷೆ ಬರೆದು ಪಾಸಾದಳು. ಮೇಷ್ಟ್ರಿಗೆ ಗೇಟಿನಲ್ಲಿ ಕೈ ಮುಗಿದಳು, ಮಾತಾಡಲಿಲ್ಲ. ಪಾಸಾಗಿದ್ದು ಅವಳ ಗಟ್ಟಿತನ, ಅದರಲ್ಲಿ ನಮ್ಮ ಪಾಲು ಏನೂ ಇಲ್ಲ. ಆದರೆ ನನ್ನನ್ನು ಇವತ್ತಿಗೂ ಕಾಡುವುದು ಅದಕ್ಕೂ ಮುಂಚಿನ ಒಂದು ಭಾನುವಾರ.

ಗುರುಶಾಂತಮ್ಮನ ಮಾತು ಮೇಷ್ಟ್ರ ತಲೆಯಲ್ಲಿ ಕೂತುಬಿಟ್ಟಿತ್ತು. ಕೇಳಿದ್ದರೆ ಕಳಿಸುತ್ತಿದ್ದೆನೇನೋ ಎಂದಿದ್ದಳಲ್ಲ. ಅವಳ ಟೆಂಪೋ ಹೋದ ಮಾರನೆ ದಿನ ಅವರು ಉಳಿದ ಮನೆಗಳಿಗೆ ಹೋಗಿ ಒಂದೊಂದು ಬಾಗಿಲಲ್ಲೂ ನಿಂತು ಕೇಳಿದರು. ಭಾನುವಾರ ಮಧ್ಯಾಹ್ನ ಮೂರಕ್ಕೆ, ನಿಮಗೆ ಅನುಕೂಲ ಆದ್ರೆ, ಒಂದು ಗಂಟೆ ಹೊತ್ತು ಮಕ್ಕಳನ್ನ ಕಳಿಸ್ತೀರಾ ಎಂದು. ಎಲ್ಲರೂ ಮರ್ಯಾದೆಯಾಗಿ ಮಾತಾಡಿಸಿದರು, ಚಹಾ ಕೊಟ್ಟರು. ನೋಡಾಮು ಬಿಡ್ರಿ ಸರ್ ಎಂದರು. ನಮ್ಮ ಕಡೆ ಮೇಷ್ಟ್ರ ಮುಖದ ಮೇಲೆ ಯಾರೂ ಇಲ್ಲ ಎನ್ನುವುದಿಲ್ಲ, ನೋಡಾಮು ಎನ್ನುತ್ತಾರೆ. ಹನ್ನೊಂದು ವರ್ಷ ನಮ್ಮೂರಲ್ಲಿದ್ದವರಿಗೆ ಅದರ ಅರ್ಥ ಗೊತ್ತಿತ್ತು. ಆದರೂ ಭಾನುವಾರ ಹೆಡ್‌ಮೇಷ್ಟ್ರ ಹತ್ತಿರ ಬೀಗದ ಕೈ ಇಸಿದುಕೊಂಡು ಹೋದರು.

ನಾನು ಎರಡೂವರೆಗೆ ಹೋದೆ. ಬೆಂಚುಗಳನ್ನು ಒರೆಸಿ ಇಟ್ಟಿದ್ದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ಮೂರಾಯಿತು, ಮೂರೂಕಾಲಾಯಿತು. ಓಣಿಯ ಕಡೆಯಿಂದ ಮಷೀನುಗಳ ಸದ್ದು ಸಣ್ಣಗೆ ಕೇಳುತ್ತಿತ್ತು, ಅಂದರೆ ಯಾರದೋ ಮನೆಗೆ ಒಂದೆರಡು ಕಟ್ಟು ವಾಪಸ್ ಬಂದಿರಬೇಕು. ಒಳ್ಳೆಯದೇ ಆಯಿತು ಎಂದುಕೊಂಡೆ. ಒಬ್ಬರೂ ಬರಲಿಲ್ಲ. ನನಗೆ ಆ ಖಾಲಿ ಕೋಣೆ ತಡೆಯಲಾಗಲಿಲ್ಲ. ಹೋಗಿ ಮೊದಲನೇ ಬೆಂಚಿನಲ್ಲಿ ಕೂತೆ. ನನ್ನ ಮೈಗೆ ಆ ಬೆಂಚು ಸಾಲುವುದಿಲ್ಲ, ಮೊಣಕಾಲು ಹಲಗೆಗೆ ತಾಗುತ್ತಿತ್ತು.

“ಹೇಳ್ರಿ ಸರ್, ನಾನು ಕೇಳ್ತೀನಿ” ಎಂದೆ.

ಅವರು ನಕ್ಕರು. “ಬೇಡ ಕಣಪ್ಪ. ನಿಂಗೆ ಬೇಕಾಗಿ ಕೂತಿಲ್ಲ ನೀನು, ನಂಗೋಸ್ಕರ ಕೂತಿದ್ದೀಯ.” ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು, “ಮಕ್ಕಳಿಗೋಸ್ಕರ ಅಂತ ಅವತ್ತು ನಿಂಗೆ ಹೇಳಿದ್ನಲ್ಲ, ಅದು ಸುಳ್ಳು. ಪಾಠ ಮುಗಿಸೋಕೆ ಬೇರೆ ದಾರಿ ಇತ್ತು, ನೋಟ್ಸ್ ಬರೆದು ಮನೆಮನೆಗೆ ಕೊಡಬಹುದಿತ್ತು. ನಂಗೆ ಮಾತಾಡಬೇಕಿತ್ತು ಕಣಪ್ಪ. ನನ್ನ ಮಾತು ಕೇಳೋರು ಬೇಕಿತ್ತು. ಅದಕ್ಕೆ ಒಂದು ಓಣಿ ಅನ್ನ ಕಿತ್ಕೊಂಡೆ.”

ಹಂಗೇನಿಲ್ರಿ ಎನ್ನುವ ಹಾಗಿರಲಿಲ್ಲ, ಯಾಕೆಂದರೆ ಅದು ಹಾಗೇ ಇತ್ತು. ಅವರ ಪಕ್ಕದ ಕುರ್ಚಿಯಲ್ಲಿ ಇಷ್ಟು ವರ್ಷ ಕೂತು ಹೂಂಗುಟ್ಟಿದವನು ನಾನೇ ತಾನೆ. ನಾನು ಒಂದು ದಿನ ಸರಿಯಾಗಿ ಕೇಳಿದ್ದರೆ, ಎರಡು ಮಾತು ತಿರುಗಿ ಆಡಿದ್ದರೆ, ಆ ಮನುಷ್ಯ ಫ್ಯೂಸಿನ ತನಕ ಹೋಗುತ್ತಿದ್ದರೋ ಇಲ್ಲವೋ. ನನಗೆ ನನ್ನ ಮೇಲೇ ಸಿಟ್ಟು ಬಂತು.

“ಇಲ್ರಿ ಸರ್, ಖರೇನ ಕೇಳ್ತೀನಿ” ಎಂದೆ.

“ಹಂಗಾದ್ರೆ ಒಂದು ಪ್ರಶ್ನೆ ಕೇಳು ನೋಡೋಣ. ನಿಂಗೆ ನಿಜವಾಗ್ಲೂ ಗೊತ್ತಾಗಬೇಕು ಅನ್ನಿಸಿದ್ದು. ಒಂದೇ ಒಂದು.”

ತಲೆ ಕೆರೆದುಕೊಂಡೆ. ಸಮುದ್ರ ಏರುವುದರ ಬಗ್ಗೆ ಕೇಳೋಣವೆಂದುಕೊಂಡೆ, ದೋಣಿಯವರ ಬಗ್ಗೆ ಕೇಳೋಣವೆಂದುಕೊಂಡೆ. ಯಾವುದೂ ನನ್ನದಲ್ಲ. ಅವರು ಕಾಯುತ್ತಿದ್ದರು. ಮುಖ ಬತ್ತಿ ಹೋಗಿತ್ತು, ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು. ಅದನ್ನು ನಾನು ಅವತ್ತೇ ಮೊದಲು ನೋಡಿದೆ.

“ಊಟ ಮಾಡೀರೇನ್ರಿ ಸರ್?” ಎಂದೆ.

ಹನ್ನೊಂದು ವರ್ಷ ಸ್ಟಾಫ್ ರೂಮಿನ ಬಾಗಿಲಲ್ಲಿ ದಿನಾ ಕೇಳುತ್ತಿದ್ದ ಮಾತು ಅದು. ದಿನಾ ಅವರು ಆಯ್ತು ಕಣಪ್ಪ ಎನ್ನುತ್ತಿದ್ದರು, ನಾನು ಪೂರ್ತಿ ಕೇಳಿಸಿಕೊಳ್ಳದೆ ಮುಂದೆ ಹೋಗುತ್ತಿದ್ದೆ. ಅವತ್ತು ನಾನು ಉತ್ತರಕ್ಕೆ ಕಾದು ಕೂತೆ.

“ಇಲ್ಲ ಕಣಪ್ಪ” ಎಂದರು. “ನಿನ್ನೆಯಿಂದ ಮಾಡಿಲ್ಲ.”